ಕತ್ತಿನ ಧಮನಿಯನ್ನು ಮುಚ್ಚುವ ಮುನ್ನ

ಗಂಟಲಿನ ಉಬ್ಬಿನ ಪಕ್ಕದಲ್ಲಿ, ಕತ್ತಿನ ದಪ್ಪ ಸ್ನಾಯುವಿನ ಒಳ ಅಂಚಿಗೆ ಎರಡು ಬೆರಳುಗಳನ್ನು ಮೆಲ್ಲಗೆ ಇಟ್ಟು ನೋಡಿ. ಮಣಿಕಟ್ಟಿನ ನಾಡಿಗಿಂತ ಬಲವಾದ ಮಿಡಿತವೊಂದು ಸಿಗುತ್ತದೆ. ಒಂದು ಬದಿಯಲ್ಲಿ ಮಾತ್ರ ನೋಡಿ; ಜೋರಾಗಿ ಒತ್ತಬೇಡಿ; ಎರಡೂ ಬದಿಗಳನ್ನು ಒಟ್ಟಿಗೆ ಒತ್ತುವುದಂತೂ ಕೂಡದು. ಏಕೆ ಕೂಡದು ಎಂಬುದರಲ್ಲಿಯೇ ಈ ಲೇಖನದ ವಿಷಯವಿದೆ.

ನೀವು ಮುಟ್ಟಿದ್ದು ಕೆರೋಟಿಡ್ ಧಮನಿ. ಕನ್ನಡದಲ್ಲಿ ಇದನ್ನು ಶೀರ್ಷಧಮನಿ ಎಂದೂ ಕರೆಯುತ್ತಾರೆ. ಕತ್ತಿನ ಎರಡೂ ಬದಿಗಳಲ್ಲಿ ಒಂದೊಂದು ಇದೆ. ಗಂಟಲಿನ ಮೇಲ್ಭಾಗದಲ್ಲಿ ಅದು ಎರಡಾಗಿ ಕವಲೊಡೆಯುತ್ತದೆ. ಹೊರ ಕವಲು ಮುಖಕ್ಕೆ, ನೆತ್ತಿಯ ಚರ್ಮಕ್ಕೆ ರಕ್ತ ಒಯ್ಯುತ್ತದೆ. ಒಳ ಕವಲು ತಲೆಬುರುಡೆಯನ್ನು ಹೊಕ್ಕು ಮಿದುಳಿಗೆ ಹೋಗುತ್ತದೆ. ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ನೂರಕ್ಕೆ ಎರಡು. ಆದರೆ ಹೃದಯ ಹೊರದೂಡುವ ರಕ್ತದಲ್ಲಿ ಅದು ಸುಮಾರು ನೂರಕ್ಕೆ ಹದಿನೈದು ಪಾಲನ್ನು, ಅಂದರೆ ನಿಮಿಷಕ್ಕೆ ಮುಕ್ಕಾಲು ಲೀಟರಿನಷ್ಟನ್ನು, ಪಡೆಯುತ್ತದೆ. ಇದರಲ್ಲಿ ದೊಡ್ಡ ಭಾಗ ಬರುವುದು ಕೆರೋಟಿಡ್ ಧಮನಿಗಳಿಂದ. ಉಳಿದದ್ದು ಬೆನ್ನುಮೂಳೆಯ ಮಣಿಗಳ ಪಕ್ಕದ ತೂತುಗಳ ಮೂಲಕ ಏರಿಬರುವ ಇನ್ನೆರಡು ಧಮನಿಗಳಿಂದ.

ಕೆರೋಟಿಡ್ ಎಂಬ ಹೆಸರಿನ ಮೂಲ ಗ್ರೀಕ್ ಭಾಷೆಯ ‘ಕಾರೋಸ್’. ಗಾಢ ನಿದ್ರೆ, ಮಂಪರು ಎಂದು ಅದರ ಅರ್ಥ. ಈ ನಾಳಗಳನ್ನು ಒತ್ತಿದರೆ ಮಂಪರು ಬರುತ್ತದೆ ಎಂಬ ನಂಬಿಕೆ ಹಿಂದಿನವರಲ್ಲಿತ್ತು. ಧಮನಿಗೆ ಹೆಸರು ಬಂದದ್ದು ಅದು ಮಾಡುವ ಕೆಲಸದಿಂದಲ್ಲ, ಆ ಕೆಲಸ ನಿಂತಾಗ ಆಗುವ ಅನಾಹುತದಿಂದ ಎಂಬುದನ್ನು ಗಮನಿಸಿ.

ಈ ಧಮನಿ ಒಡೆದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ರಕ್ತವನ್ನು ನಿಲ್ಲಿಸಲು ನಾಳವನ್ನು ಮುಚ್ಚಬೇಕು. ಆದರೆ ಮುಚ್ಚಿದರೆ ಆ ಬದಿಯ ಮಿದುಳಿಗೆ ರಕ್ತ ತಪ್ಪಿ ಪಾರ್ಶ್ವವಾಯು ಬಡಿಯಬಹುದು. ಎಡ ಮಿದುಳು ಕೆಟ್ಟರೆ ಬಲಗೈ ಬಲಗಾಲು ಬೀಳುತ್ತವೆ. ಸಾಮಾನ್ಯವಾಗಿ ಮಾತೂ ಹೋಗುತ್ತದೆ. ಪ್ರಾಣ ಉಳಿಸಲು ಮಾಡಿದ ಕೆಲಸವೇ ಮನುಷ್ಯನನ್ನು ಹಾಸಿಗೆಗೆ ಕಟ್ಟಿಹಾಕಬಹುದು. ಶಸ್ತ್ರವೈದ್ಯರು ಈ ಇಕ್ಕಟ್ಟಿನಲ್ಲಿ ಕಳೆದ ಇನ್ನೂರು ವರ್ಷಗಳನ್ನು ಕಳೆದಿದ್ದಾರೆ. ನಾನು ವೈದ್ಯನಲ್ಲ, ಭೌತವಿಜ್ಞಾನ ಪಾಠ ಹೇಳುವವನು. ಆದರೂ ಈ ಚರಿತ್ರೆ ನನ್ನನ್ನು ಹಿಡಿದದ್ದಕ್ಕೆ ಕಾರಣವಿದೆ. ಇದರ ತಿರುವುಗಳಲ್ಲೆಲ್ಲ ಎದುರಾಗುವುದು ಕೊಳವೆ, ಒತ್ತಡ, ಹರಿವು. ನಾವು ಪ್ರಯೋಗಶಾಲೆಯಲ್ಲಿ ಅಳೆಯುವ ಪರಿಮಾಣಗಳೇ.

ದಾರದಿಂದ ಕಟ್ಟಿದವರು

ಹದಿನಾರನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೋಸ್ ಪಾರೆ ಗಾಯಗೊಂಡ ಸೈನಿಕನೊಬ್ಬನ ಕೆರೋಟಿಡ್ ಧಮನಿಯನ್ನು ಕಟ್ಟಿದ. ಸೈನಿಕ ಬದುಕಿದ, ಆದರೆ ಒಂದು ಬದಿಯ ದೇಹದ ಸ್ವಾಧೀನವೂ ಮಾತೂ ಹೋದವು. ಲಂಡನ್ನಿನ ಜಾನ್ ಅಬರ್ನೆಥಿ 1798ರಲ್ಲಿ ಎದುರಿಸಿದ್ದೂ ಇಂಥದೇ ಪ್ರಸಂಗ. ಹಸುವಿನ ಕೊಂಬು ತಿವಿದು ಕತ್ತು ಹರಿದಿದ್ದ ಒಬ್ಬನನ್ನು ಕರೆತಂದಿದ್ದರು. ಅಬರ್ನೆಥಿ ಧಮನಿಯನ್ನು ಕಟ್ಟಿದ, ರಕ್ತ ನಿಂತಿತು. ಬಳಿಕ ಒಂದು ಬದಿಗೆ ಪಾರ್ಶ್ವವಾಯು ಬಡಿದು ರೋಗಿ ತೀರಿಕೊಂಡ.

ಇನ್ನು 1803ರ ಘಟನೆ. ಬ್ರಿಟಿಷ್ ನೌಕಾಪಡೆಯ ‘ಟೊನ್ನಾಂಟ್’ ಹಡಗಿನಲ್ಲಿ ಸೇವಕನೊಬ್ಬ ತನ್ನ ಕತ್ತನ್ನು ತಾನೇ ಗಾಯಗೊಳಿಸಿಕೊಂಡಿದ್ದ. ಗಾಯ ಮಾಯುತ್ತಿದೆ ಎನ್ನುವಾಗ, ಕೆಲವು ದಿನಗಳ ನಂತರ, ಧಮನಿ ಇದ್ದಕ್ಕಿದ್ದಂತೆ ಒಡೆಯಿತು. ಹಡಗಿನ ವೈದ್ಯ ಡೇವಿಡ್ ಫ್ಲೆಮಿಂಗ್ ಅಲ್ಲಿಯೇ ಅದನ್ನು ಕಟ್ಟಿದ. ರೋಗಿ ಉಳಿದ. ಗಾಯವಾದ ದಿನ ಒಡೆಯದ ಧಮನಿ, ಸುತ್ತಲ ಅಂಗಾಂಶ ಕೆಟ್ಟ ಮೇಲೆ ಒಡೆಯಿತು ಎಂಬುದನ್ನು ನೆನಪಿಡಿ. ಇಂದಿನ ಆಸ್ಪತ್ರೆಗಳು ಎದುರಿಸುವ ಕೆರೋಟಿಡ್ ಸ್ಫೋಟಕ್ಕೂ ಇದಕ್ಕೂ ನಂಟಿದೆ. ಮುಂದೆ ಅಲ್ಲಿಗೇ ಬರುತ್ತೇವೆ.

ಲಂಡನ್ನಿನ ಆಸ್ಟ್ಲಿ ಕೂಪರ್ ಧಮನಿಯನ್ನು ಕಟ್ಟಿದ್ದು ಗಾಯಕ್ಕಲ್ಲ, ಕತ್ತಿನ ಧಮನಿಯಲ್ಲಿ ಉಂಟಾಗಿದ್ದ ರಕ್ತದುಬ್ಬಿಗೆ. 1805ರಲ್ಲಿ ಮೊದಲ ರೋಗಿ, ಒಬ್ಬ ಮಹಿಳೆ. ಕೆಲವು ದಿನಗಳಲ್ಲಿ ಆಕೆಯ ಒಂದು ಬದಿಯ ದೇಹ ಬಲಗುಂದಿತು. ಹೆಚ್ಚು ದಿನ ಬದುಕಲಿಲ್ಲ. 1808ರಲ್ಲಿ ಎರಡನೆಯ ರೋಗಿ, ಹೊರೆ ಹೊರುವ ಒಬ್ಬ ಕೂಲಿಯಾಳು. ಅವನಿಗೆ ಏನೂ ಆಗಲಿಲ್ಲ! ಹದಿಮೂರು ವರ್ಷ ಬದುಕಿದ. 1821ರಲ್ಲಿ ಅವನು ತೀರಿಕೊಂಡಾಗ ಕೂಪರ್ ಮರಣೋತ್ತರ ಪರೀಕ್ಷೆ ನಡೆಸಿದ. ಅದರ ವಿವರ 1836ರಲ್ಲಿ ಅಚ್ಚಾಯಿತು.

ಒಂದೇ ಕೈ, ಒಂದೇ ಶಸ್ತ್ರಚಿಕಿತ್ಸೆ, ಮೂರು ವರ್ಷದ ಅಂತರ. ಒಬ್ಬಳ ಮಿದುಳು ಸೋತಿತು, ಇನ್ನೊಬ್ಬನದು ಏನೂ ಆಗದಂತೆ ನಡೆಯಿತು. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಅರ್ಧ ಮಿಲಿಮೀಟರಿನ ಮಾತು

ಉತ್ತರದ ಅರ್ಧ ಭಾಗ ಕೂಪರನಿಗಿಂತ ಒಂದೂವರೆ ಶತಮಾನ ಮೊದಲೇ ಅಚ್ಚಾಗಿತ್ತು. ಆಕ್ಸ್‌ಫರ್ಡಿನ ಥಾಮಸ್ ವಿಲ್ಲಿಸ್ 1664ರಲ್ಲಿ ಮಿದುಳಿನ ಅಂಗರಚನೆಯ ಬಗ್ಗೆ ಪುಸ್ತಕ ಪ್ರಕಟಿಸಿದ. ಅಂಗಚ್ಛೇದನದಲ್ಲಿ ನೆರವಾದವನು ರಿಚರ್ಡ್ ಲೋವರ್. ಚಿತ್ರಗಳಲ್ಲಿ ಕೆಲವನ್ನು ಬರೆದವನು ಕ್ರಿಸ್ಟೋಫರ್ ರೆನ್. ಲಂಡನ್ನಿನ ಸೇಂಟ್ ಪಾಲ್ ಚರ್ಚನ್ನು ಕಟ್ಟಿದ ರೆನ್ ಆಗ ಆಕ್ಸ್‌ಫರ್ಡಿನಲ್ಲಿ ಖಗೋಳವಿಜ್ಞಾನದ ಪ್ರಾಧ್ಯಾಪಕ. (ವಿಜ್ಞಾನದ ವಿಭಾಗಗಳ ನಡುವೆ ಗೋಡೆ ಎದ್ದದ್ದು ಆಮೇಲೆ.) ಮಿದುಳಿನ ಬುಡದಲ್ಲಿ ಎಡ ಬಲ ಹಿಂದಿನ ಧಮನಿಗಳೆಲ್ಲ ಸಣ್ಣ ಸಂಪರ್ಕ ನಾಳಗಳಿಂದ ಕೂಡಿ ಒಂದು ಬಳೆಯಂತಾಗಿವೆ ಎಂದು ಆ ಪುಸ್ತಕ ತೋರಿಸಿತು. ಒಂದು ಕೆರೋಟಿಡ್ ಧಮನಿಗೆ ಬಣ್ಣದ ದ್ರವ ತುಂಬಿದರೆ ಅದು ಇನ್ನೊಂದು ಬದಿಗೂ ಹಬ್ಬುತ್ತಿತ್ತು. ಒಂದು ಬದಿಯ ಕೆರೋಟಿಡ್ ಹೆಚ್ಚುಕಡಿಮೆ ಪೂರ್ತಿ ಮುಚ್ಚಿಹೋಗಿದ್ದರೂ ಬದುಕಿರುವಾಗ ಪಾರ್ಶ್ವವಾಯುವೇ ಬಾರದಿದ್ದ ಒಬ್ಬನ ಸಂಗತಿಯನ್ನೂ ವಿಲ್ಲಿಸ್ ದಾಖಲಿಸಿದ. ಈ ಬಳೆಗೆ ಇಂದಿಗೂ ವಿಲ್ಲಿಸನ ವೃತ್ತ ಎಂದೇ ಹೆಸರು.

ಉತ್ತರದ ಇನ್ನರ್ಧ ಭೌತವಿಜ್ಞಾನದ್ದು. ಪ್ಯಾರಿಸ್ಸಿನ ವೈದ್ಯ ಪ್ವಾಸೆಯಿ 1840ರ ದಶಕದಲ್ಲಿ ಗಾಜಿನ ಸೂಕ್ಷ್ಮ ಕೊಳವೆಗಳಲ್ಲಿ ನೀರು ಹರಿಸಿ ಅಳೆದ. ಅವನಿಗೆ ಬೇಕಾಗಿದ್ದುದು ರಕ್ತದ ಹರಿವಿನ ನಿಯಮ. ಕೊಳವೆಯ ರೋಧ ಅದರ ಉದ್ದಕ್ಕೆ ಅನುಲೋಮವಾಗಿಯೂ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿಯೂ ಇರುತ್ತದೆ ಎಂದು ಅವನು ಕಂಡುಕೊಂಡ. ಪದವಿ ತರಗತಿಯಲ್ಲಿ ನಾವು ಇದನ್ನು ನೀರಿನ ಸ್ನಿಗ್ಧತೆ ಅಳೆಯಲು ಬಳಸಿ ಮರೆತುಬಿಡುತ್ತೇವೆ. ಈಗ ಮಿದುಳಿಗೆ ಅನ್ವಯಿಸಿ ನೋಡಿ. ಶಿಕ್ಷಕರು ಈ ಲೆಕ್ಕವನ್ನು ತರಗತಿಯಲ್ಲೂ ಕೊಡಬಹುದು.

ಒಳ ಕೆರೋಟಿಡ್ ಧಮನಿಯ ವ್ಯಾಸ 4 ಮಿ.ಮೀ., ಉದ್ದ 15 ಸೆಂ.ಮೀ. ಎಂದಿಟ್ಟುಕೊಳ್ಳಿ. ಎಡ ಬಲಗಳನ್ನು ಮುಂಭಾಗದಲ್ಲಿ ಸೇರಿಸುವ ಸಂಪರ್ಕ ಧಮನಿಯ ಉದ್ದ ಕೇವಲ 3 ಮಿ.ಮೀ. ಇರಲಿ. ಅದು ಐವತ್ತು ಪಟ್ಟು ಗಿಡ್ಡ. ಅದರ ವ್ಯಾಸ 1.5 ಮಿ.ಮೀ. ಇದ್ದರೆ, ವ್ಯಾಸ ಕಡಿಮೆಯಾದದ್ದರಿಂದ ರೋಧ ಸುಮಾರು ಐವತ್ತು ಪಟ್ಟು ಏರುತ್ತದೆ, ಉದ್ದ ಕಡಿಮೆಯಾದದ್ದರಿಂದ ಐವತ್ತು ಪಟ್ಟು ಇಳಿಯುತ್ತದೆ. ಎರಡೂ ಸರಿಹೋಗಿ, ಈ ಪುಟ್ಟ ನಾಳದ ರೋಧ ಇಡೀ ಕೆರೋಟಿಡ್‌ನ ರೋಧಕ್ಕೆ ಸಮವಾಗುತ್ತದೆ. ವ್ಯಾಸ 1 ಮಿ.ಮೀ. ಆದರೆ ರೋಧ ಐದು ಪಟ್ಟು. 0.5 ಮಿ.ಮೀ. ಆದರೆ ಎಂಬತ್ತು ಪಟ್ಟಿಗೂ ಹೆಚ್ಚು! ಒಂದೂವರೆ ಮಿಲಿಮೀಟರ್ ಇದ್ದವನಿಗೆ ಇನ್ನೊಂದು ಬದಿಯಿಂದ ಧಾರಾಳವಾಗಿ ರಕ್ತ ಬರುತ್ತದೆ. ಅರ್ಧ ಮಿಲಿಮೀಟರ್ ಇದ್ದವನಿಗೆ ದಾರಿಯೇ ಇಲ್ಲದ ಹಾಗೆ. ರಕ್ತನಾಳ ಗಾಜಿನ ಕೊಳವೆಯಲ್ಲ, ಹರಿವು ಏಕರೂಪವೂ ಅಲ್ಲ, ದಾರಿಯಲ್ಲಿ ಬೇರೆ ನಾಳಗಳ ರೋಧವೂ ಇದೆ. ಆದ್ದರಿಂದ ಇದು ಒರಟು ಲೆಕ್ಕ. ಆದರೂ ಹೊರಗಿನಿಂದ ಒಂದೇ ತೆರನಾಗಿ ಕಾಣುವ ಇಬ್ಬರು ರೋಗಿಗಳ ಪಾಡು ಏಕೆ ಬೇರೆಯಾಯಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ಪಠ್ಯಪುಸ್ತಕದ ಚಿತ್ರದಲ್ಲಿರುವಂಥ ಪೂರ್ಣ ಬಳೆ ಬಹಳ ಜನರಲ್ಲಿ ಇರುವುದಿಲ್ಲ. ಒಂದು ಕೊಂಡಿ ಸಪೂರವಾಗಿರುತ್ತದೆ, ಇಲ್ಲವೇ ಇಲ್ಲದೇ ಇರುತ್ತದೆ.

ಎಷ್ಟು ರಕ್ತ ಸಾಕು? ಈ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರ ಬರಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧ ಬೇಕಾಯಿತು. ನೂರು ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ಸಹಜ ಹರಿವು. ಅದು 20ರ ಹತ್ತಿರ ಇಳಿದರೆ ನರಕೋಶಗಳ ವಿದ್ಯುತ್ ಚಟುವಟಿಕೆ ಕುಗ್ಗುತ್ತದೆ; ಕೈ ಏಳುವುದಿಲ್ಲ, ಮಾತು ಹೊರಡುವುದಿಲ್ಲ. ಆದರೆ ಕೋಶ ಇನ್ನೂ ಸತ್ತಿರುವುದಿಲ್ಲ. 10ರ ಹತ್ತಿರ ಇಳಿದರೆ ಕೋಶಪೊರೆಯ ಅಯಾನು ಪಂಪುಗಳೇ ನಿಂತು ಕೋಶ ಸಾಯತೊಡಗುತ್ತದೆ. ಈ ಎರಡು ಮಿತಿಗಳ ನಡುವೆ ಸಿಕ್ಕಿಕೊಂಡ ಮಿದುಳಿಗೆ ಆಸ್ಟ್ರುಪ್ ಮತ್ತು ಸಂಗಡಿಗರು ಗ್ರಹಣದ ಪಾಠದಿಂದ ಹೆಸರು ತಂದರು: ಪೆನಂಬ್ರ, ಅರೆನೆರಳು. ಬೆಳಕು ಪೂರ್ತಿ ಹೋಗಿಲ್ಲ, ಪೂರ್ತಿ ಇಲ್ಲ. ಆದರೆ ಆಕಾಶದ ಅರೆನೆರಳು ತಾನಾಗಿ ಸರಿಯುತ್ತದೆ. ಮಿದುಳಿನದು ಹೊತ್ತು ಹೋದಂತೆ ಪೂರ್ಣ ನೆರಳಾಗುತ್ತದೆ. ದೊಡ್ಡ ನಾಳವೊಂದು ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು 2006ರಲ್ಲಿ ಪ್ರಕಟವಾದ ಒಂದು ಅಂದಾಜು.

ಮೊದಲು ಕೇಳಿ ನೋಡುವುದು

ನ್ಯೂ ಆರ್ಲಿಯನ್ಸ್‌ನ ಶಸ್ತ್ರವೈದ್ಯ ರುಡಾಲ್ಫ್ ಮಾಟಾಸ್ 1911ರಲ್ಲಿ ಸೂಚಿಸಿದ ಉಪಾಯ ಬಹಳ ಸರಳ. ಶಾಶ್ವತವಾಗಿ ಕಟ್ಟುವ ಮೊದಲು ಧಮನಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ರೋಗಿಯನ್ನು ಗಮನಿಸಬೇಕು. ಕೈಕಾಲು ಆಡುತ್ತಿವೆಯೆ, ಮಾತು ಸರಿಯಿದೆಯೆ? ತೊಂದರೆ ಕಂಡರೆ ಬಿಟ್ಟುಬಿಡಬೇಕು. ಮಿದುಳನ್ನು ಕೇಳದೆ ಮುಚ್ಚುವ ಪದ್ಧತಿಗೆ ಅಲ್ಲಿ ತಡೆ ಬಿತ್ತು.

ಮುಂದಿನ ಹೆಜ್ಜೆ ನೋಡುವುದು. ಲಿಸ್ಬನ್ನಿನ ಎಗಾಸ್ ಮೊನಿಝ್ 1927ರಲ್ಲಿ ಕೆರೋಟಿಡ್ ಧಮನಿಗೆ ಎಕ್ಸ್ ಕಿರಣಗಳನ್ನು ತಡೆಯುವ ದ್ರಾವಣ ಚುಚ್ಚಿ ಬದುಕಿರುವ ಮನುಷ್ಯನ ಮಿದುಳಿನ ನಾಳಗಳ ಚಿತ್ರ ತೆಗೆದ. ಮೊದಲು ಸ್ಟ್ರಾಂಷಿಯಂ ಬ್ರೋಮೈಡ್ ಬಳಸಿದ. ಒಬ್ಬ ರೋಗಿ ಸತ್ತ ಮೇಲೆ ಸೋಡಿಯಂ ಅಯೊಡೈಡಿಗೆ ಬದಲಾಯಿಸಿದ. ಈ ಕೆಲಸ ಇಂದಿಗೂ ಬಾಳುತ್ತಿದೆ. 1949ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದದ್ದು ಮಾತ್ರ ಇದಕ್ಕಲ್ಲ, ಮಾನಸಿಕ ರೋಗಿಗಳ ಮಿದುಳಿನ ತಂತುಗಳನ್ನು ಕತ್ತರಿಸುವ, ಈಗ ಕೈಬಿಟ್ಟಿರುವ ಶಸ್ತ್ರಚಿಕಿತ್ಸೆಗೆ. ಬಹುಮಾನ ಸಮಿತಿಗಳೂ ಎಡವುತ್ತವೆ.

ಆಮೇಲೆ ದಾರಿ. ಸ್ಟಾಕ್‌ಹೋಮಿನ ಸ್ವೆನ್ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ಕ್ರಮ ಹೀಗಿದೆ: ಸೂಜಿ ಚುಚ್ಚು, ಸೂಜಿಯೊಳಗಿಂದ ತಂತಿ ತೂರಿಸು, ಸೂಜಿ ತೆಗೆ, ತಂತಿಯ ಮೇಲೆ ಕ್ಯಾತಿಟರ್ ಎಂಬ ಸಪೂರ ಕೊಳವೆಯನ್ನು ಜಾರಿಸು, ತಂತಿ ಹಿಂದೆಗೆ. ತೊಡೆಸಂದಿನ ಧಮನಿಯಲ್ಲಿ ಒಂದು ಸಣ್ಣ ತೂತಿನಿಂದ ಹೊರಟು ಕತ್ತಿನವರೆಗೆ ಹೋಗಲು ಹೀಗೆ ಸಾಧ್ಯವಾಯಿತು. ಕತ್ತನ್ನು ಕೊಯ್ಯಬೇಕಾದ ಪ್ರಮೇಯ ತಪ್ಪಿತು.

ಈ ಮೂರನ್ನೂ, ಅಂದರೆ ಕೇಳುವುದು, ನೋಡುವುದು, ಒಳದಾರಿಯಲ್ಲಿ ಹೋಗುವುದು, ಒಂದೇ ಉಪಕರಣದಲ್ಲಿ ಸೇರಿಸಿದವನು ಮಾಸ್ಕೋದ ಬುರ್ದೆಂಕೊ ನರಶಸ್ತ್ರಚಿಕಿತ್ಸಾ ಸಂಸ್ಥೆಯ ಫ್ಯೋದರ್ ಸೆರ್ಬಿನೆಂಕೊ. 1959ರ ಮೇ ದಿನಾಚರಣೆಯಲ್ಲಿ ಕೆಂಪು ಚೌಕದ ಬಳಿ ಮಕ್ಕಳು ದಾರ ಹಿಡಿದು ಬಲೂನುಗಳನ್ನು ಆಡಿಸುವುದನ್ನು ಕಂಡು ಅವನಿಗೆ ಈ ಯೋಚನೆ ಹೊಳೆಯಿತು ಎನ್ನುತ್ತಾರೆ. ಹೊಳೆದದ್ದು ಒಂದು ಗಳಿಗೆಯಲ್ಲಿ ಇರಬಹುದು; ಕೆಲಸ ಹತ್ತು ವರ್ಷದ್ದು. ರಕ್ತನಾಳದಲ್ಲಿ ಹೋಗುವಷ್ಟು ಪುಟ್ಟ ಬಲೂನನ್ನು ಮಾಡಬೇಕು, ಕ್ಯಾತಿಟರಿನ ತುದಿಗೆ ಕೂಡಿಸಬೇಕು, ಬೇಕಾದಲ್ಲಿ ಉಬ್ಬಿಸಬೇಕು. ಬಲೂನಿಗೆ ಒಂದು ಅನುಕೂಲವಿದೆ: ರಕ್ತದ ಹರಿವೇ ಅದನ್ನು ಮುಂದಕ್ಕೆ ಎಳೆದೊಯ್ಯುತ್ತದೆ. ಎಚ್ಚರವಾಗಿರುವ ರೋಗಿಯ ಧಮನಿಯೊಳಗೆ ಬಲೂನು ಉಬ್ಬಿಸಿದರೆ ಅದು ಮಾಟಾಸನ ಪರೀಕ್ಷೆಯೇ, ಆದರೆ ಒಳಗಿನಿಂದ. ತೊಂದರೆಯಾದರೆ ಬಲೂನಿನ ದ್ರವ ಹಿಂದೆಗೆದರೆ ಸಾಕು. ತೊಂದರೆಯಾಗದಿದ್ದರೆ ಬಲೂನನ್ನು ಕಳಚಿ ಅಲ್ಲಿಯೇ ಬಿಟ್ಟು ಕ್ಯಾತಿಟರನ್ನು ಹೊರತೆಗೆಯಬಹುದು. 1970ರಲ್ಲಿ ಅವನು ಕೆರೋಟಿಡ್ ಧಮನಿಯಿಂದ ಪಕ್ಕದ ಅಭಿಧಮನಿಗೆ ರಕ್ತ ಸೋರುತ್ತಿದ್ದ ತೂತನ್ನು ಮಾತ್ರ ಬಲೂನಿನಿಂದ ಮುಚ್ಚಿ ಧಮನಿಯನ್ನು ತೆರೆದೇ ಉಳಿಸಿದ. 1974ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಮುನ್ನೂರಕ್ಕೂ ಹೆಚ್ಚು ರೋಗಿಗಳ ಅನುಭವ ಬರೆದಾಗ ಹೊರಜಗತ್ತಿಗೆ ವಿಷಯ ತಿಳಿಯಿತು.

ಬಲೂನಿನ ಜಾಗಕ್ಕೆ ಈಗ ಹೆಚ್ಚಾಗಿ ಪ್ಲಾಟಿನಮ್ ಸುರುಳಿ ಬಂದಿದೆ. ಇಟಲಿಯ ಗುಯಿಡೊ ಗುಲ್ಯೆಲ್ಮಿ ಉಕ್ಕಿನ ತಂತಿಯ ತುದಿಗೆ ಈ ಸುರುಳಿಯನ್ನು ಬೆಸೆದು, ಜಾಗಕ್ಕೆ ತಲುಪಿದ ಮೇಲೆ ಸಣ್ಣ ವಿದ್ಯುತ್ ಪ್ರವಾಹ ಹರಿಸಿದ. ರಕ್ತ ಒಂದು ವಿದ್ಯುದ್ವಿಭಾಜ್ಯ ತಾನೆ? ಉಕ್ಕಿನ ಕೊಂಡಿ ಕರಗಿ ಸುರುಳಿ ಕಳಚುತ್ತದೆ, ಪ್ಲಾಟಿನಮ್ ಕರಗುವುದಿಲ್ಲ. ಅದರ ಪರಮಾಣು ಸಂಖ್ಯೆ ಹೆಚ್ಚಾದ್ದರಿಂದ ಎಕ್ಸ್ ಕಿರಣದ ತೆರೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. 1990ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಇದನ್ನು ಮೊದಲು ರೋಗಿಯಲ್ಲಿ ಬಳಸಿದರು. ಫ್ಯಾರಡೆಯ ವಿದ್ಯುದ್ವಿಭಜನೆಗೆ ಇಂಥ ಬಳಕೆಯೂ ಉಂಟು ಎಂದು ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ.

ಕೇಳಲು ಹೊತ್ತಿಲ್ಲದಾಗ

ಇಲ್ಲಿಯವರೆಗಿನ ಚರಿತ್ರೆ ವ್ಯವಧಾನ ಇದ್ದವರದು. ಈಗ ಹಡಗಿನ ವೈದ್ಯ ಫ್ಲೆಮಿಂಗ್‌ನ ಸ್ಥಿತಿಗೆ ಮರಳೋಣ.

ಬಾಯಿ, ಗಂಟಲುಗಳ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯೂ ವಿಕಿರಣ ಚಿಕಿತ್ಸೆಯೂ ಆದ ಕೆಲವರಲ್ಲಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ, ಕೆರೋಟಿಡ್ ಧಮನಿ ಒಡೆಯುತ್ತದೆ. ಧಮನಿಯ ಗೋಡೆಗೂ ರಕ್ತ ಬೇಕು. ಅದರ ಹೊರಪದರದಲ್ಲಿ ಹಬ್ಬಿರುವ ಅತಿಸೂಕ್ಷ್ಮ ನಾಳಗಳು ಆ ರಕ್ತ ಒದಗಿಸುತ್ತವೆ. ವಿಕಿರಣದಿಂದ ಈ ಸೂಕ್ಷ್ಮ ನಾಳಗಳು ಕೆಡುತ್ತವೆ, ಮೇಲಿನ ಚರ್ಮ ಸ್ನಾಯುಗಳ ಹೊದಿಕೆ ತೆಳುವಾಗುತ್ತದೆ, ಸೋಂಕು ತಗುಲುತ್ತದೆ. ಗೋಡೆ ಸೊರಗುತ್ತದೆ, ಒಳಗಿನ ಒತ್ತಡ ಮಾತ್ರ ಹಾಗೆಯೇ ಇರುತ್ತದೆ. ಭಾರತದಲ್ಲಿ ಬಾಯಿಯ ಕ್ಯಾನ್ಸರ್ ಬಹಳ. ತಂಬಾಕು ಇದರ ದೊಡ್ಡ ಕಾರಣ. ಅಡಿಕೆ ಬೆಳೆಯುವ ನಾಡಿನವರಾದ ನಮಗೆ ಹೇಳಲು ಹಿತವಲ್ಲದ ಇನ್ನೊಂದು ಮಾತಿದೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರ ತನ್ನ ವರದಿಯಲ್ಲಿ ತಂಬಾಕಿಲ್ಲದ ಎಲೆ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಆದ್ದರಿಂದ ಈ ತುರ್ತು ದೂರದ ದೇಶದ ಸಂಗತಿಯಲ್ಲ.

ಒಡೆದ ಧಮನಿಯನ್ನು ಕತ್ತು ಕೊಯ್ದು ಕಟ್ಟುತ್ತಿದ್ದ ಕಾಲದ ಅಂಕಿ ಅಂಶಗಳು ಕಠೋರವಾಗಿವೆ. ವೈದ್ಯಕೀಯ ಬರಹಗಳಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಸರಾಸರಿ ಹೀಗಿದೆ: ಸಾವು ನೂರಕ್ಕೆ ಸುಮಾರು 40, ನರಮಂಡಲಕ್ಕೆ ಗಂಭೀರ ಹಾನಿ ನೂರಕ್ಕೆ ಸುಮಾರು 60. ಯೇಲ್ ವಿಶ್ವವಿದ್ಯಾಲಯದ ಚಾಲೂಪ್ಕ ಮತ್ತು ಸಂಗಡಿಗರು 1990ರ ದಶಕದ ಮಧ್ಯದಲ್ಲಿ ಇಂಥ ರೋಗಿಗಳಿಗೆ ಬಲೂನು, ಸುರುಳಿಗಳನ್ನು ಕ್ರಮವಾಗಿ ಬಳಸಿದರು. ರಕ್ತಸ್ರಾವವನ್ನು ಮೂರು ಹಂತಗಳಾಗಿ ವಿಂಗಡಿಸಿದ ಅವರ 1996ರ ಪ್ರಬಂಧ ಇಂದಿಗೂ ಆಧಾರವಾಗಿದೆ. ಧಮನಿ ಹೊರಗೆ ಕಾಣುತ್ತಿದೆ, ಇನ್ನೂ ಒಡೆದಿಲ್ಲ, ಒಮ್ಮೆ ಸೋರಿ ತಾನಾಗಿ ನಿಂತಿದೆ, ನಿಲ್ಲದೆ ಚಿಮ್ಮುತ್ತಿದೆ. ಮೊದಲೆರಡು ಹಂತಗಳಲ್ಲಿ ಸೆರ್ಬಿನೆಂಕೊನ ಹಾಗೆ ಮಿದುಳನ್ನು ಕೇಳಲು ಹೊತ್ತಿದೆ. ಮೂರನೆಯದರಲ್ಲಿ ಇಲ್ಲ.

ಆ ಕೋಣೆಯನ್ನು ಕಲ್ಪಿಸಿಕೊಳ್ಳಿ. ಒಬ್ಬರು ಕತ್ತಿನ ಗಾಯವನ್ನು ಬೆರಳಿನಿಂದ ಒತ್ತಿ ಹಿಡಿದಿದ್ದಾರೆ. ಇನ್ನೊಬ್ಬರು ಶ್ವಾಸನಾಳಕ್ಕೆ ಕೊಳವೆ ಹಾಕಿ ಉಸಿರಿನ ದಾರಿ ಕಾದಿದ್ದಾರೆ. ಬಾಟಲಿಯಿಂದ ರಕ್ತ ಇಳಿಯುತ್ತಿದೆ. ರೋಗಿಗೆ ಅರಿವಳಿಕೆ ಕೊಟ್ಟಾಗಿದೆ. ಕೈ ಎತ್ತು ಎಂದರೆ ಎತ್ತಲಾರ. ಆಗ ಮಿದುಳನ್ನು ಕೇಳುವುದು ಹೇಗೆ? ಬಲೂನಿನಿಂದ ಧಮನಿಯನ್ನು ಮುಚ್ಚಿ ಇನ್ನೊಂದು ಬದಿಯ ಕೆರೋಟಿಡ್‌ಗೆ ಎಕ್ಸ್ ಕಿರಣಗಳನ್ನು ತಡೆಯುವ ದ್ರಾವಣ ಬಿಡುತ್ತಾರೆ. ದ್ರಾವಣ ಎರಡೂ ಬದಿಯ ಅಭಿಧಮನಿಗಳಲ್ಲಿ ಯಾವಾಗ ಕಾಣಿಸುತ್ತದೆಂದು ನೋಡುತ್ತಾರೆ. ಮುಚ್ಚಿದ ಬದಿಯಲ್ಲಿ ಒಂದೆರಡು ಸೆಕೆಂಡಿಗಿಂತ ಹೆಚ್ಚು ತಡವಾಗದಿದ್ದರೆ ಸಂಪರ್ಕ ನಾಳ ಸಾಕಷ್ಟು ಅಗಲವಿದೆ ಎಂದು ತಿಳಿಯಬಹುದು. ವಿಲ್ಲಿಸನ ಬಣ್ಣದ ದ್ರವದ ಪ್ರಯೋಗವೇ ಗಡಿಯಾರ ಹಿಡಿದು ಮತ್ತೆ ನಡೆಯುತ್ತದೆ.

ಮುಚ್ಚುವುದರಲ್ಲೂ ಒಂದು ಕ್ರಮವಿದೆ. ತೂತಿನ ಕೆಳಗೆ, ಹೃದಯದ ಕಡೆಗೆ, ಮಾತ್ರ ಮುಚ್ಚಿದರೆ ರಕ್ತ ನಿಲ್ಲುವುದಿಲ್ಲ. ವಿಲ್ಲಿಸನ ವೃತ್ತದ ಮೂಲಕ ಇನ್ನೊಂದು ಬದಿಯ ರಕ್ತ ಮೇಲಿನಿಂದ ಕೆಳಕ್ಕೆ ಹಿಮ್ಮುಖವಾಗಿ ಬಂದು ಅದೇ ತೂತಿನಿಂದ ಹೊರಬೀಳುತ್ತದೆ. ಮಿದುಳನ್ನು ಕಾಯುವ ದಾರಿಯೇ ಇಲ್ಲಿ ಸೋರುವ ದಾರಿಯೂ ಆಗುತ್ತದೆ. ಆದ್ದರಿಂದ ತೂತಿನ ಆಚೆ, ಮಿದುಳಿನ ಕಡೆ, ಮೊದಲು ಸುರುಳಿ ತುಂಬಿ, ಆಮೇಲೆ ತೂತನ್ನೂ ಈಚೆಯ ಭಾಗವನ್ನೂ ಮುಚ್ಚುತ್ತಾರೆ. ಇನ್ನೊಂದು ಲಾಭವೂ ಇದೆ. ಹರಿಯದೆ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆಚೆಯ ಬಾಗಿಲು ಮುಚ್ಚಿದ್ದರೆ ಆ ಹೆಪ್ಪು ಮಿದುಳಿಗೆ ಹೋಗಲಾರದು.

ಹಾಗಿದ್ದೂ ಪಾರ್ಶ್ವವಾಯು ಬರುವ ದಾರಿಗಳು ಉಳಿಯುತ್ತವೆ. ಒಂದು, ಹರಿವು ಸಾಲದಿರುವುದು. ರಕ್ತ ಕಳೆದುಕೊಂಡ ದೇಹದಲ್ಲಿ ಒತ್ತಡ ಮೊದಲೇ ಇಳಿದಿರುತ್ತದೆ. ಪ್ವಾಸೆಯಿಯ ಪ್ರಕಾರ ಒತ್ತಡದ ವ್ಯತ್ಯಾಸ ಅರ್ಧವಾದರೆ ಹರಿವೂ ಅರ್ಧ. ಸಹಜ ಒತ್ತಡದಲ್ಲಿ ಸಾಕಾಗುತ್ತಿದ್ದ ಸಂಪರ್ಕ ನಾಳ ಈಗ ಸಾಲದು. ಆದ್ದರಿಂದ ರಕ್ತ, ಲವಣದ್ರಾವಣ, ಔಷಧಗಳಿಂದ ಒತ್ತಡವನ್ನು ಏರಿಸಬೇಕು. ಆದರೆ ತೂತು ಪೂರ್ತಿ ಮುಚ್ಚುವ ಮೊದಲು ಏರಿಸಿದರೆ ಏರಿಸಿದ್ದೆಲ್ಲ ಹೊರಗೆ ಹೋಗುತ್ತದೆ. ಇನ್ನೊಂದು, ಕ್ಯಾತಿಟರಿನ ಮೇಲೆಯೋ ಸುರುಳಿಯ ಮೇಲೆಯೋ ಹುಟ್ಟಿದ ಹೆಪ್ಪು ಹಾರಿಹೋಗಿ ಮಿದುಳಿನ ನಾಳದಲ್ಲಿ ಸಿಕ್ಕಿಕೊಳ್ಳುವುದು. ವ್ಯವಧಾನ ಇದ್ದಾಗ ಇದನ್ನು ತಡೆಯಲು ಹೆಪರಿನ್ ಕೊಡುತ್ತಾರೆ. ರಕ್ತ ಚಿಮ್ಮುತ್ತಿರುವವನಿಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧ ಕೊಡುವುದು ಹೇಗೆ? ಹೆಪ್ಪು ಸಿಕ್ಕಿಕೊಂಡ ಮೇಲೆ ಅದನ್ನು ಕರಗಿಸುವ ಔಷಧವನ್ನೂ ಕೊಡುವಂತಿಲ್ಲ. ಇನ್ನು ಗಾಳಿಗುಳ್ಳೆ. ನಾಳ ಸಪೂರವಾದಷ್ಟೂ ಮೇಲ್ಮೈ ಎಳೆತದಿಂದಾಗಿ ಅಲ್ಲಿ ಸಿಕ್ಕಿಕೊಂಡ ಗುಳ್ಳೆಯನ್ನು ಕದಲಿಸುವುದು ಕಷ್ಟ ಎಂಬುದು ನಿಮಗೆ ಗೊತ್ತು. ಕ್ಯಾತಿಟರುಗಳಲ್ಲಿ ಲವಣದ್ರಾವಣ ಸದಾ ಹರಿಯುತ್ತಿರುವಂತೆ ನೋಡಿಕೊಳ್ಳುವುದು ಇದಕ್ಕಾಗಿ.

ಔಷಧ ಕೊಡಲಾಗದವರಿಗೆ ಹೆಪ್ಪನ್ನು ಕೈಯಾರೆ ಎಳೆದು ತೆಗೆಯುವುದೊಂದೇ ಉಪಾಯ. ಅಂಥ ಉಪಕರಣಕ್ಕೆ ಅಮೆರಿಕದಲ್ಲಿ 2004ರಲ್ಲಿ ಮೊದಲ ಅನುಮತಿ ಸಿಕ್ಕಿತು. ಜಾಲರಿಯಂತಹ ಸ್ಟೆಂಟಿನಿಂದ ಹೆಪ್ಪನ್ನು ಹಿಡಿದೆಳೆಯುವ ಕ್ರಮದಿಂದ ನಿಜಕ್ಕೂ ಲಾಭವಿದೆ ಎಂದು 2015ರಲ್ಲಿ ಪ್ರಕಟವಾದ ಹಲವು ಪರೀಕ್ಷೆಗಳು ತೋರಿಸಿದವು. ಆದರೆ ಇಲ್ಲಿ ಹೊಸ ಇಕ್ಕಟ್ಟು ಎದುರಾಗುತ್ತದೆ. ಕೆರೋಟಿಡ್ ಧಮನಿಯನ್ನು ಸುರುಳಿಗಳಿಂದ ತುಂಬಿ ಮುಚ್ಚಿದ ಮೇಲೆ ಹೆಪ್ಪಿನ ಬಳಿಗೆ ಹೋಗುವ ಹೆದ್ದಾರಿಯೂ ಮುಚ್ಚಿದಂತೆಯೇ. ಇನ್ನೊಂದು ಬದಿಯಿಂದ ಹೋಗಿ ಆ ಸಪೂರ ಸಂಪರ್ಕ ಧಮನಿಯನ್ನು ದಾಟಬೇಕು, ಅದು ದಾಟುವಷ್ಟು ಅಗಲ ಇದ್ದರೆ. ಮತ್ತೆ ಅದೇ ಅರ್ಧ ಮಿಲಿಮೀಟರಿನ ಮಾತು.

ಹಾಗಾದರೆ ಧಮನಿಯನ್ನು ಮುಚ್ಚದೆಯೇ ತೂತನ್ನು ಮುಚ್ಚಬಾರದೆ? ಬಟ್ಟೆಯಂತಹ ತೆಳು ಹೊದಿಕೆಯುಳ್ಳ ಸ್ಟೆಂಟನ್ನು ಒಳಗಿಟ್ಟರೆ ರಕ್ತ ಅದರೊಳಗೆ ಹರಿಯುತ್ತದೆ, ತೂತು ಹೊರಗುಳಿಯುತ್ತದೆ. ಪರೀಕ್ಷೆಯಲ್ಲಿ ಸೋತ ಮಿದುಳಿಗೆ ಇದೇ ಆಸರೆ. ಮೊದಲ ನೋಟಕ್ಕೆ ಎಲ್ಲ ಬಗೆಹರಿದಂತೆ ಕಾಣುತ್ತದೆ. ಆದರೆ ಸ್ಟೆಂಟಿನ ಮೇಲೆ ಹೆಪ್ಪುಗಟ್ಟದಿರಲು ರಕ್ತದ ಕಿರುಬಿಲ್ಲೆಗಳನ್ನು ತಡೆಯುವ ಔಷಧ ತಿಂಗಳುಗಟ್ಟಲೆ ಬೇಕು; ಅದೇ ಔಷಧ ಗಾಯದಿಂದ ಮತ್ತೆ ರಕ್ತ ಸೋರಲು ಎಡೆ ಮಾಡುತ್ತದೆ. ಸೋಂಕಿರುವ, ವಿಕಿರಣದಿಂದ ಸೊರಗಿದ ಜಾಗದಲ್ಲಿ ಇಟ್ಟ ಹೊರವಸ್ತು ತಾನೇ ಸೋಂಕಿನ ಗೂಡಾಗಬಹುದು. ಮೊದಲ ದಿನಗಳಲ್ಲಿ ಚೆನ್ನಾಗಿದ್ದು ಆಮೇಲೆ ಮತ್ತೆ ರಕ್ತಸ್ರಾವವಾದ, ಇಲ್ಲವೆ ಸ್ಟೆಂಟ್ ಮುಚ್ಚಿಕೊಂಡ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಸಾಕಷ್ಟಿವೆ. ಮುಚ್ಚಲು ಸಾಧ್ಯವಿದ್ದರೆ ಮುಚ್ಚುವುದು, ಮಿದು‌ಳು ತಾಳದು ಎಂದಾದರೆ ಸ್ಟೆಂಟ್ ಇಟ್ಟು ಹೊತ್ತು ಗಳಿಸುವುದು, ಇದು ಅನೇಕರು ಹಿಡಿದಿರುವ ದಾರಿ. ಗಳಿಸಿದ ಹೊತ್ತಿನಲ್ಲಿ ನೆತ್ತಿಯ ಧಮನಿಯನ್ನು ಮಿದುಳಿನ ಧಮನಿಗೆ ಹೊಲಿಯುವ ಅಡ್ಡದಾರಿ ಶಸ್ತ್ರಚಿಕಿತ್ಸೆಯನ್ನೂ ಮಾಡಬಹುದು. ಝೂರಿಕ್‌ನಲ್ಲಿ ಯಾಶರ್‌ಗಿಲ್ 1967ರಲ್ಲಿ ಇದನ್ನು ಮೊದಲು ಮಾಡಿದ. ಆದರೆ ವಿಕಿರಣಕ್ಕೆ ಒಳಗಾದವರಲ್ಲಿ ನೆತ್ತಿಗೆ ಹೋಗುವ ಹೊರ ಕವಲೇ ಕೆಟ್ಟಿರಬಹುದು.

ಪರೀಕ್ಷೆಯಲ್ಲಿ ಗೆದ್ದವರೆಲ್ಲ ಕೊನೆಗೂ ಗೆದ್ದರೆಂದಿಲ್ಲ. ಕೆಲವರಲ್ಲಿ ಗಂಟೆಗಳು, ದಿನಗಳು ಕಳೆದ ಮೇಲೆ ತೊಂದರೆ ಕಾಣಿಸುತ್ತದೆ: ರಾತ್ರಿ ಒತ್ತಡ ಸ್ವಲ್ಪ ಇಳಿಯಿತು, ಅಥವಾ ಮುಚ್ಚಿದ ಧಮನಿಯ ಮೇಲ್ತುದಿಯಲ್ಲಿ ಹೆಪ್ಪೊಂದು ಬೆಳೆಯಿತು. ಅದಕ್ಕಾಗಿ ಚಿಕಿತ್ಸೆಯ ನಂತರ ರೋಗಿಯನ್ನು ದಿಂಬಿಲ್ಲದೆ ಸಮತಟ್ಟಾಗಿ ಮಲಗಿಸುತ್ತಾರೆ. ತಲೆ ಎತ್ತರದಲ್ಲಿದ್ದರೆ ಆ ಎತ್ತರದ ರಕ್ತಸ್ತಂಭದಷ್ಟು ಒತ್ತಡ ಮಿದುಳಿಗೆ ಕಡಿಮೆಯಾಗುತ್ತದೆ. ಒತ್ತಡವನ್ನು ಸಹಜಕ್ಕಿಂತ ತುಸು ಮೇಲೆಯೇ ಇಟ್ಟಿರುತ್ತಾರೆ. ಅರಿವಳಿಕೆ ಇಳಿದ ಮೇಲೆ, ತೀವ್ರ ನಿಗಾ ಘಟಕದ ದಾದಿ ಗಂಟೆಗೊಮ್ಮೆ ಹಾಸಿಗೆಯ ಬಳಿ ಬಂದು ರೋಗಿಯ ಹೆಸರು ಹಿಡಿದು ಕರೆಯುತ್ತಾಳೆ. ಗಂಟಲಿನಲ್ಲಿ ಕೊಳವೆ ಇರುವುದರಿಂದ ಅವನು ಉತ್ತರ ಹೇಳಲಾರ. ಎರಡೂ ಕೈ ಮೇಲೆತ್ತಿ ಎನ್ನುತ್ತಾಳೆ. ಎರಡೂ ಒಂದೇ ಸಮನಾಗಿ ಏಳುತ್ತವೆಯೇ ಎಂದು ನೋಡಿ ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಾಳೆ.